ಮಣ್ಣೊಳಗೆ ಬೇಯುವ ತನಕ

ಘಾಟಿಯ ನೆತ್ತಿ ದಾಟಿ ವ್ಯಾನು ತಾರ್ಮಾದ ಕಡೆ ಇಳಿಯತೊಡಗಿದಾಗ ಎರ್ಲಿಂದಾಗೆ ಹಸಿವಾಯಿತು. ಬರೀ ಹೊಟ್ಟೆಯ ಹಸಿವಲ್ಲ ಅದು. ಲಿಮಾದ ಎರಡು ಕೋಣೆಯ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಆರು ವರ್ಷ ನೋಡಿಕೊಂಡು, ಮಣ್ಣು ಮಾಡಿ, ಮೇಲೊಂದು ವರ್ಷ ಕಪ್ಪು ಬಟ್ಟೆಯಲ್ಲೇ ಸೂತಕ ಕಳೆದವಳ ಹಸಿವು. ಕಪ್ಪು ಬಿಚ್ಚಿಟ್ಟ ವಾರವೇ ಅಣ್ಣ ಅಬೀಲಿಯೊ ಮನೆಗೆ ಬಂದು, ಚಿಕ್ಕಮ್ಮನ ಊರಿಗೆ ಹೋಗಿ ಹೊಲದಲ್ಲಿ ಕಾದ ಕಲ್ಲಿನ ಗುಂಡಿಯಲ್ಲಿ ಹೂತು ಬೇಯಿಸುವ ಪಚಮಾಂಕಾ ಉಂಡು ಬರೋಣ, ನಿನಗೂ ಗಾಳಿ ಬದಲಾಗಲಿ ಅಂದಿದ್ದ. ಹದಿನೈದು ವರ್ಷದಲ್ಲಿ ತಂಗಿಗೆ ಒಂದು ಬನ್ನು ಕೊಡಿಸದವನು ಇದ್ದಕ್ಕಿದ್ದಂತೆ ಗಾಳಿ ಬದಲಾಯಿಸುವ ಮಾತಾಡಿದರೆ ಯಾರಿಗಾದರೂ ಸಂಶಯ ಬರಬೇಕು. ಆದರೆ ಸಂಶಯ ಪಡಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ತಾರ್ಮಾ ಅಂದರೆ ಅವಳಿಗೆ ಮೊದಲಿನಿಂದಲೂ ಪ್ರಾಣ. ಚಿಕ್ಕವಳಿದ್ದಾಗ ಪ್ರತಿ ಜುಲೈ ತಿಂಗಳು ತಾಯಿಯ ತಂಗಿ ದೊಮಿತಿಲಾಳ ಮನೆಯಲ್ಲೇ ಕಳೆಯುತ್ತಿತ್ತು. ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿ ಕಾಲಡಿ ಕರಕರ ಅನ್ನಬೇಕು, ಮಧ್ಯಾಹ್ನ ಅದೇ ಹುಲ್ಲಿನ ಮೇಲೆ ಬೆನ್ನು ಸುಡುವ ಬಿಸಿಲಲ್ಲಿ ಕೂತು ತಿನ್ನಬೇಕು. ಈ ಸಲ ಅವಳಿಗೆ ಬೇಕಾದದ್ದು ಇಷ್ಟೇ: ಯಾರೋ ಬಡಿಸಬೇಕು, ತಾನು ಕೂತು ಉಣ್ಣಬೇಕು, ಒಂದು ದಿನದ ಮಟ್ಟಿಗೆ ಯಾರೂ ತನ್ನ ಹೆಸರು ಹಿಡಿದು ಕೂಗಬಾರದು. ಆರು ವರ್ಷದಲ್ಲಿ ತಾಯಿ ಎಷ್ಟು ಸಲ ಕೂಗಿದ್ದಳೆಂದರೆ, ಈಗಲೂ ಹೆಸರು ಕಿವಿಗೆ ಬಿದ್ದರೆ ಸಾಕು, ಮನಸ್ಸಿಗಿಂತ ಮೊದಲು ಕಾಲು ಎದ್ದು ನಿಲ್ಲುತ್ತಿತ್ತು. ಸೋಮವಾರದಿಂದ ಹಳೆಯ ಹೊಲಿಗೆ ಅಂಗಡಿಗೆ ಮತ್ತೆ ಹೋಗುವುದೆಂದು ಮಾತಾಗಿತ್ತು. ಐವತ್ತಮೂರನೆಯ ವಯಸ್ಸಿನಲ್ಲಿ ಅವಳ ಆಸೆಗಳು ಅಷ್ಟಕ್ಕೇ ಬಂದು ನಿಂತಿದ್ದವು. ಹಗಲು ಹೊಲಿಗೆ, ರಾತ್ರಿ ಮುರಿಯದ ನಿದ್ದೆ, ವರ್ಷಕ್ಕೊಮ್ಮೆ ಈ ಊರು.

ಊರು ತಲುಪಿದ್ದೇ ಮಾರುಕಟ್ಟೆಯಲ್ಲಿ ತಿಂಡಿ. ಕುರಿತಲೆಯ ಜೊತೆ ಮುಸುಕಿನ ಜೋಳದ ಕಾಳು ಹಾಕಿ ರಾತ್ರಿಯೆಲ್ಲ ಕುದಿಸಿದ ಸಾರು, ಅದರ ಮೇಲೆ ಹಸಿ ಈರುಳ್ಳಿಸೊಪ್ಪು, ಪಕ್ಕದಲ್ಲಿ ರುಬ್ಬಿದ ಖಾರ. ಜೋಳ ಒಂದೊಂದೂ ಬಾಯಿ ಬಿಟ್ಟು ಹೂವಾಗಿತ್ತು. ಸಾರು ಮಾರುವವಳು ಮುಖ ನೋಡಿ, ನೀನು ದೊಮಿತಿಲಾಳ ಅಕ್ಕನ ಮಗಳಲ್ಲವಾ ಎಂದು ಕೇಳಿ, ಮೇಲೊಂದು ಸೌಟು ಸುಮ್ಮನೆ ಸುರಿದಳು. ಲಿಮಾದಲ್ಲಿ ಪಕ್ಕದ ಮನೆಯವರಿಗೂ ಗೊತ್ತಿಲ್ಲದ ಮುಖವನ್ನು ಇಲ್ಲಿ ಸಾರಿನವಳು ಗುರುತು ಹಿಡಿಯುತ್ತಾಳೆ. ಎರ್ಲಿಂದಾ ಬಟ್ಟಲಿಗೆ ಮುಖವಿಟ್ಟು ಕೂತಳು, ಆವಿಗೆ ತಲೆನೋವು ಇಳಿಯಿತು. ಅಬೀಲಿಯೊ ಇನ್ನೊಂದು ಬಟ್ಟಲು ಹೇಳಿದ. ಅತ್ತಿಗೆ ಮರೂಹಾ ತನ್ನ ಪಾಲಿನ ಗಿಣ್ಣನ್ನೂ ಅವಳ ತಟ್ಟೆಗೆ ಸರಿಸಿದಳು. ಕಡಿಯುವ ಕುರಿಗೆ ಸೊಪ್ಪು ಹಾಕುವವರ ಪ್ರೀತಿಯೇ ಬೇರೆ. ಕುರಿ ಮಾತ್ರ ಸೊಪ್ಪಿನ ರುಚಿಯಲ್ಲೇ ಇರುತ್ತದೆ.

ಚಿಕ್ಕಮ್ಮನ ಹೊಲ ಊರಾಚೆಯ ಇಳಿಜಾರಿನಲ್ಲಿ. ಈಗ ಅದನ್ನು ಗೇಣಿಗೆ ಹಿಡಿದು ಹೂವು ಬೆಳೆಯುವವನು ಪಕ್ಕದ ಮನೆಯ ಫೊರ್ತುನಾತೊ. ಒಂದು ಪಟ್ಟಿ ಬಿಳಿ, ಒಂದು ಪಟ್ಟಿ ನೇರಳೆ, ಒಂದು ಪಟ್ಟಿ ಹಳದಿ. ಹೊಲದ ಅಂಚಿನ ಹುಲ್ಲಿನಲ್ಲಿ ಅವನು ಆಗಲೇ ಗುಂಡಿ ತೋಡಿ, ಮೇಲೆ ಕಲ್ಲುಗಳನ್ನು ಗುಡಿಯ ಹಾಗೆ ಪೇರಿಸಿ, ಒಳಗೆ ಬೆಂಕಿ ಹೊತ್ತಿಸಿದ್ದ. ಚಿಕ್ಕಮ್ಮ ದೊಮಿತಿಲಾ ಕುರಿಚರ್ಮದ ಮೇಲೆ ಕಾಲು ಚಾಚಿ ಕೂತಿದ್ದಳು. ಹೋದ ತಿಂಗಳು ಕಾಲುವೆ ದಾಟುವಾಗ ಬಿದ್ದು, ಕೂಗಿದ್ದು ಯಾರಿಗೂ ಕೇಳದೆ, ಫೊರ್ತುನಾತೊ ನೀರು ತಿರುಗಿಸಲು ಬರುವವರೆಗೂ ಅಲ್ಲೇ ಬಿದ್ದಿದ್ದವಳು. ಮಕ್ಕಳಿಲ್ಲ. ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಎರ್ಲಿಂದಾ ಬಗ್ಗಿ ಕೆನ್ನೆಗೆ ಮುತ್ತು ಕೊಟ್ಟಾಗ ಆ ಕಿವಿ, ಆ ಕಿವಿಯ ಜೋತ ಹಾಲೆ, ಎಲ್ಲ ಅಮ್ಮನದೇ ಅನ್ನಿಸಿತು.

ಕೂತು ಉಣ್ಣುವ ಆಸೆ ಕೂರುವ ಮೊದಲೇ ಮುಗಿಯಿತು. ಮರೂಹಾಗೆ ಘಾಟಿಯ ತಲೆನೋವು, ಬಗ್ಗಿದರೆ ಲೋಕ ತಿರುಗುತ್ತದಂತೆ. ನೀನು ಮುಟ್ಟಿದರೇನೇ ರುಚಿ ಅನ್ನುವ ಹಳೆಯ ಮಂತ್ರ ಬೇರೆ. ಎರ್ಲಿಂದಾಳ ಕೈ ಯಾರ ಅಪ್ಪಣೆಗೂ ಕಾಯದೆ ಕೆಲಸಕ್ಕಿಳಿಯಿತು. ಕಾಲುವೆಯ ಹಿಮದಂಥ ನೀರಿನಲ್ಲಿ ಆಲೂಗಡ್ಡೆ ತೊಳೆದಳು. ಹಸಿ ಅವರೆಯ ದಪ್ಪ ಕಾಯಿಗಳನ್ನು ಆರಿಸಿದಳು. ರುಬ್ಬಿದ ಜೋಳವನ್ನು ಜೋಳದ ಸಿಪ್ಪೆಯಲ್ಲೇ ಕಡುಬಿನ ಹಾಗೆ ಕಟ್ಟಿದಳು. ಹಂದಿ ಮಾಂಸಕ್ಕೂ ಕುರಿ ಮಾಂಸಕ್ಕೂ ವಕತಾಯ್ ಸೊಪ್ಪಿನ ಮಸಾಲೆ ಇನ್ನೊಂದು ಸಲ ಉಜ್ಜಿದಳು. ಆ ಸೊಪ್ಪಿನ ವಾಸನೆ ಬೆರಳಿಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ. ಅದೊಂದೇ ಅವಳಿಗೆ ಆ ಹೊತ್ತಿನಲ್ಲಿ ಸಮಾಧಾನ ಕೊಟ್ಟದ್ದು.

ಬಿಸಿಲು ನೆತ್ತಿಗೆ ಬಂತು. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಅಷ್ಟರಲ್ಲಿ ಅಬೀಲಿಯೊ ಜೋಳದ ಹೆಂಡ ಚೀಚಾದ ಲೋಟ ತುಂಬಿದ, ನೆಲಕ್ಕೆ ನಾಲ್ಕು ಹನಿ ಬಿಟ್ಟ, ಅರ್ಧ ಕುಡಿದ, ಉಳಿದರ್ಧವನ್ನು ಎರಡೂ ಕೈಯಲ್ಲಿ ಹಿಡಿದು ತಂಗಿಯ ಮುಂದೆ ಚಾಚಿದ. ಆ ಸೀಮೆಯಲ್ಲಿ ಎಷ್ಟು ಜನ ಕೂತರೂ ಲೋಟ ಒಂದೇ. ಒಬ್ಬರು ಕುಡಿದು ಪಕ್ಕದವರಿಗೆ ದಾಟಿಸುತ್ತಾ ಸುತ್ತು ಬರುತ್ತದೆ. ಸುತ್ತು ಶುರುವಾಯಿತು ಅಂದುಕೊಂಡ ಎರ್ಲಿಂದಾ ಒದ್ದೆ ಕೈ ಲಂಗಕ್ಕೆ ಒರೆಸಿ, ಲೋಟ ತೆಗೆದುಕೊಂಡು, ಒಂದೇ ಉಸಿರಿಗೆ ಕುಡಿದು ಮುಗಿಸಿದಳು. ಹುಳಿಹುಳಿಯಾದ ಚೀಚಾ ಎದೆಯಲ್ಲಿ ತಣ್ಣಗೆ ಇಳಿಯಿತು. ಆಮೇಲೆ ತಲೆಯೆತ್ತಿದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಫೊರ್ತುನಾತೊ ಟೋಪಿ ತೆಗೆದು ಎದೆಗೆ ಹಿಡಿದಿದ್ದ.

ಅವಳಿಗೆ ಆಗ ತಿಳಿಯಿತು, ಆದರೆ ಲೋಟ ಖಾಲಿಯಾಗಿತ್ತು. ಅಲ್ಲಿ ದೊಡ್ಡದೇನಾದರೂ ಕೇಳುವವರು ಮೊದಲು ಮಾತಾಡುವುದಿಲ್ಲ. ನೆಲಕ್ಕೆ ಬಿಟ್ಟು, ಅರ್ಧ ಕುಡಿದು, ಎರಡು ಕೈಯಲ್ಲಿ ಕೊಡುತ್ತಾರೆ. ಕುಡಿದರೆ ಒಪ್ಪಿದ ಹಾಗೆ. ಏನು ಒಪ್ಪಿದ್ದು ಅನ್ನುವುದನ್ನು ಆಮೇಲೆ ಹೇಳುತ್ತಾರೆ. ಒಂದು ಕೈಯ ಲೋಟ ಬಾಯಾರಿಕೆಗೆ, ಎರಡು ಕೈಯ ಲೋಟ ಮಾತಿಗೆ. ಎರಡು ಕೈ ಕಂಡರೆ ಮುಟ್ಟುವ ಮೊದಲು ಇದೇನು ಎಂದು ಕೇಳಬೇಕೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಎರ್ಲಿಂದಾಗೂ ಗೊತ್ತಿತ್ತು. ದಣಿದವಳು ಕೈ ನೋಡುವುದಿಲ್ಲ, ನೀರು ನೋಡುತ್ತಾಳೆ.

"ತಗೊಂಡೆ ನೀನು. ಎಲ್ಲ ನೋಡಿದಾರೆ, ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ," ಅಂದ ಅಬೀಲಿಯೊ. "ಚಿಕ್ಕಮ್ಮ ಇನ್ಮೇಲೆ ಒಬ್ಳೇ ಇರೋ ಹಾಗಿಲ್ಲ. ನೀನಿಲ್ಲೇ ಇದ್ದು ನೋಡ್ಕೊ. ನಿಂಗೂ ಈ ಊರಂದ್ರೆ ಪ್ರಾಣ, ಅವಳಿಗೂ ನೀನಂದ್ರೆ ಪ್ರಾಣ. ನಾವು ಬೇರೆ ಯಾರನ್ನ ಕೇಳೋಣ ಹೇಳು?"

ಅವಳು ಬಾಯಿ ತೆರೆಯುವುದರೊಳಗೆ ಕಲ್ಲು ಕಾದಿದೆ ಎಂದು ಫೊರ್ತುನಾತೊ ಕೂಗಿದ. ಕಾದ ಕಲ್ಲು ಯಾರ ಮಾತಿಗೂ ಕಾಯುವುದಿಲ್ಲ. ಎಲ್ಲರೂ ಓಡಿದರು. ಗುಂಡಿಗೆ ಆಲೂಗಡ್ಡೆ, ಅದರ ಮೇಲೆ ಕಲ್ಲು, ಮಾಂಸ, ಮತ್ತೆ ಕಲ್ಲು, ಕಡುಬು, ಅವರೆಕಾಯಿ, ಮೇಲೆ ದಪ್ಪ ಸೊಪ್ಪು, ಒದ್ದೆ ಗೋಣಿ, ಕೊನೆಗೆ ಮಣ್ಣು. ಹೊಗೆ ಹೊರಡುವ ಕಡೆಯೆಲ್ಲ ಫೊರ್ತುನಾತೊ ಸಲಿಕೆಯಿಂದ ಮಣ್ಣು ಬಡಿದ. ಚಿಕ್ಕಮ್ಮ ಹೂವಿನ ಶಿಲುಬೆಯೊಂದನ್ನು ಅವನ ಕೈಲಿ ಮೇಲೆ ನೆಡಿಸಿದಳು. ಇನ್ನು ತೆಗೆಯುವ ತನಕ ಅದರ ಸುತ್ತ ಯಾರೂ ಬಿರುಸು ಮಾತಾಡುವಂತಿಲ್ಲ. ಮೇಲೆ ಜಗಳವಾದರೆ ಕೆಳಗೆ ಊಟ ಹಸಿಯಾಗಿಯೇ ಉಳಿಯುತ್ತದೆ, ಭೂಮಿತಾಯಿ ಮುನಿದವರ ಅಡುಗೆ ಬೇಯಿಸಿಕೊಡುವುದಿಲ್ಲ ಎಂಬ ನಂಬಿಕೆ. ಗಂಡ ಹೆಂಡಿರು ಕೂಡ ಆ ಹೊತ್ತಿನಲ್ಲಿ ಚಿನ್ನ ರನ್ನ ಅನ್ನುತ್ತಾರೆ. ಅಬೀಲಿಯೊ ಲೆಕ್ಕ ಹಾಕಿಯೇ ಲೋಟ ಚಾಚಿದ್ದ. ಅಣ್ಣನಿಗೆ ಬುದ್ಧಿಯಿಲ್ಲ ಎಂದು ಅಮ್ಮ ಜೀವಮಾನವಿಡೀ ಕೊರಗಿದ್ದಳು. ಪಾಪ, ಇದೊಂದನ್ನು ನೋಡಲು ಅವಳಿರಲಿಲ್ಲ.

ಎರ್ಲಿಂದಾ ನಾಲಿಗೆ ಬಿಗಿಹಿಡಿದು ಹುಲ್ಲಿನ ಮೇಲೆ ಕೂತಳು. ಮರೂಹಾಗೆ ತಲೆನೋವು ಯಾವ ಮಾಯದಲ್ಲೋ ಇಳಿದುಹೋಗಿ, ಮಾತು ಶುರುವಾಗಿತ್ತು. ಚಿಕ್ಕಮ್ಮನ ಮನೆಯ ಮೂಡಣ ಕೋಣೆಯೇ ಎರ್ಲಿಂದಾಗೆ ಸರಿ, ಬೆಳಿಗ್ಗೆ ಬಿಸಿಲು ಬೀಳುತ್ತದೆ. ಹೊಲಿಗೆ ಯಂತ್ರವನ್ನು ಮುಂದಿನ ಸಲ ವ್ಯಾನಿನಲ್ಲೇ ತಂದುಬಿಡೋಣ. ಊರಿನ ಹೆಂಗಸರೆಲ್ಲ ಬಟ್ಟೆ ಕೊಡುತ್ತಾರೆ. ಲಿಮಾದ ಧೂಳೆಲ್ಲಿ, ಇಲ್ಲಿನ ಗಾಳಿಯೆಲ್ಲಿ. ನನಗಾದರೂ ಇಂಥ ಭಾಗ್ಯ ಯಾರು ಕೊಡುತ್ತಾರೆ ಎಂದು ನಿಟ್ಟುಸಿರನ್ನೂ ಬಿಟ್ಟಳು. ಬೇಕಾದರೆ ನಿನಗೇ ಇರಲಿ ಈ ಭಾಗ್ಯ ಎಂಬ ಮಾತು ಎರ್ಲಿಂದಾಳ ತುಟಿಯವರೆಗೆ ಬಂತು. ಮಣ್ಣಿನ ದಿಬ್ಬ ನೋಡಿ, ನುಂಗಿಕೊಂಡು, ನಕ್ಕಳು. ನಕ್ಕೂ ನಕ್ಕೂ ದವಡೆ ನೋಯತೊಡಗಿದಾಗ ಎದ್ದು, ಸ್ವಲ್ಪ ಮೇಲೆ ಹೋಗಿ ಬರುತ್ತೇನೆ ಎಂದಳು. ಚಿಕ್ಕಮ್ಮ ಮಾತ್ರ ಅಷ್ಟು ಹೊತ್ತೂ ತುಟಿ ಬಿಚ್ಚಿರಲಿಲ್ಲ.

ನೀಲಗಿರಿ ಮರಗಳ ನಡುವಿನ ಕಾಲುದಾರಿ ಅವಳಿಗೆ ಕಣ್ಣು ಕಟ್ಟಿದರೂ ಗೊತ್ತು. ಏದುಸಿರು ಬಿಡುತ್ತಾ ಹತ್ತಿ, ಬಂಡೆಯ ಮೇಲೆ ಕೂತಳು. ಕೆಳಗೆ ಇಡೀ ಕಣಿವೆ. ಹೂವಿನ ಪಟ್ಟಿಗಳು, ಹೆಂಚಿನ ಮನೆಗಳು, ನದಿಯ ಸಣ್ಣ ಗೆರೆ, ಎದುರು ಬೋಳು ಗುಡ್ಡದ ಮೇಲೆ ಮೋಡದ ನೆರಳು. ಗಾಳಿಗೆ ನೀಲಗಿರಿ ಎಲೆಯ ಘಾಟು. ಎಷ್ಟು ಚೆನ್ನಾಗಿದೆ ಅಂದರೆ ಅಳು ಬಂತು. ಇಲ್ಲಿದ್ದರೇನು ತಪ್ಪು ಎಂದು ಅವಳು ನಿಜವಾಗಿಯೂ ಕೇಳಿಕೊಂಡಳು. ಚಿಕ್ಕಮ್ಮ ಒಳ್ಳೆಯವಳು. ಬಿದ್ದವಳು, ಮತ್ತೆ ಬೀಳುವವಳು. ನೋಡಿಕೊಳ್ಳುವವರು ಬೇಕು, ಅದು ಸುಳ್ಳಲ್ಲ.

ಆದರೆ ಇದೇ ಬಂಡೆಗೆ ಅವಳು ಆರು ವರ್ಷವೂ ಬರುತ್ತಿದ್ದಳು. ಲಿಮಾದ ಕೋಣೆಯಲ್ಲಿ ಅಮ್ಮನನ್ನು ಮಗ್ಗುಲು ಹೊರಳಿಸುವಾಗ, ಬೆನ್ನಿನ ಹುಣ್ಣು ತೊಳೆಯುವಾಗ, ಹಾಸುಬಟ್ಟೆ ಬದಲಿಸುವಾಗ ಮೂಗು ಮುಚ್ಚಿಕೊಳ್ಳುವ ಬದಲು ಅವಳು ಕಣ್ಣು ಮುಚ್ಚಿಕೊಂಡು ಈ ಕಾಲುದಾರಿ ಹತ್ತುತ್ತಿದ್ದಳು. ಕೈ ಅಲ್ಲಿ ಕೆಲಸ ಮಾಡುತ್ತಿತ್ತು, ಅವಳು ಇಲ್ಲಿ ಕೂತಿರುತ್ತಿದ್ದಳು. ಹಾಗಾಗಿಯೇ ಹುಚ್ಚು ಹಿಡಿಯದೆ ಉಳಿದದ್ದು. ಈಗ ಇಲ್ಲಿಂದ ಕೆಳಗೆ ನೋಡಿದರೆ ಚಿಕ್ಕಮ್ಮನ ಮನೆಯ ಹಿತ್ತಿಲ ಕಡೆಯ ಅಡುಗೆಮನೆ ಬಾಗಿಲು ಕಾಣುತ್ತಿತ್ತು. ಅದರೊಳಗೆ ಬೋಗುಣಿ, ಬಿಸಿನೀರು, ಗಂಜಿ, ಹಾಸುಬಟ್ಟೆ ಎಲ್ಲ ತನ್ನನ್ನು ಕಾದು ಕೂತ ಹಾಗೆ ಕಂಡಿತು. ಇಲ್ಲೇ ಉಳಿದರೆ, ಕಣ್ಣು ಮುಚ್ಚಿ ಹೋಗಲು ಯಾವ ಊರು ಉಳಿಯುತ್ತದೆ? ಅವಳಿಗೆ ಇನ್ನೊಂದು ಊರು ಗೊತ್ತಿರಲಿಲ್ಲ.

ಕೆಳಗಿನಿಂದ ಕೂಗು ಬಂತು. ಕಾಲು ಎದ್ದು ನಿಂತಿತು.

ಫೊರ್ತುನಾತೊ ಮಣ್ಣು ಸರಿಸಿ ಗೋಣಿ ಎತ್ತಿದ ಕೂಡಲೇ ಎದ್ದ ಆವಿಗೆ ಎಲ್ಲರೂ ಒಂದು ಗಳಿಗೆ ಕಣ್ಣು ಮುಚ್ಚಿದರು. ಮಣ್ಣು, ಸೊಪ್ಪು, ಕೊಬ್ಬು, ಸುಟ್ಟ ಜೋಳ. ಹಂದಿಯ ಮಾಂಸ ಎಲುಬು ಬಿಟ್ಟು ಬರುವಷ್ಟು ಬೆಂದಿತ್ತು. ಆಲೂಗಡ್ಡೆಯ ಸಿಪ್ಪೆ ತಾನಾಗಿ ಒಡೆದು ಒಳಗೆ ಹಿಟ್ಟಾಗಿತ್ತು. ನೋಡಿ, ನಮ್ಮಲ್ಲಿ ಯಾರ ಮನಸ್ಸಿನಲ್ಲೂ ಒಂದಿಷ್ಟೂ ಕಹಿಯಿಲ್ಲ ಎಂದು ಮರೂಹಾ ಹಿಗ್ಗಿದಳು. ಭೂಮಿತಾಯಿಗೂ ಒಮ್ಮೊಮ್ಮೆ ಮೋಸವಾಗುತ್ತದೆ.

ಎರ್ಲಿಂದಾ ಕೂತು ಉಂಡಳು. ಯಾರಿಗೂ ಬಡಿಸಲಿಲ್ಲ. ಹಂದಿಯ ಕೊಬ್ಬನ್ನು ಆಲೂಗಡ್ಡೆಗೆ ಒರೆಸಿ ತಿಂದಳು, ಅವರೆಯ ಬಿಸಿ ಕಾಳು ಹಲ್ಲಿನಲ್ಲೇ ಸುಲಿದು ಸಿಪ್ಪೆ ಉಗುಳಿದಳು, ಸಿಹಿ ಕಡುಬಿನ ಮೇಲೆ ಖಾರ ಸುರಿದುಕೊಂಡಳು, ಕುರಿಯ ಪಕ್ಕೆಲುಬನ್ನು ಎರಡು ಕೈಯಲ್ಲಿ ಹಿಡಿದು ಚೀಪಿದಳು. ಬೆನ್ನಿಗೆ ಬಿಸಿಲು, ಮುಂದೆ ಗುಡ್ಡ. ಅಷ್ಟು ರುಚಿಯಾದ ಊಟ ಅವಳು ತನ್ನ ಜೀವನದಲ್ಲಿ ಉಂಡಿರಲಿಲ್ಲ, ಯಾಕೆಂದರೆ ಇನ್ನು ಇಂಥದ್ದು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೊನೆಯ ಎಲುಬನ್ನು ತಟ್ಟೆಯ ಅಂಚಿಗಿಟ್ಟು, ಬಾಯಿ ಒರೆಸಿಕೊಂಡು, ಮಾತಾಡಿದಳು.

"ನಾನಿರಲ್ಲ ಅಣ್ಣ. ನಾಳೆ ನಿಮ್ ಜೊತೇಲೇ ವಾಪಸ್ ಬರ್ತೀನಿ."

ಅಬೀಲಿಯೊ ನಗುತ್ತಲೇ, "ಕುಡಿದಿದೀಯಲ್ಲ," ಅಂದ.

"ಕುಡಿದೆ. ಕುಡಿದು ಮಾತು ತಪ್ತಾ ಇದೀನಿ. ಯಾರು ತಪ್ಪಿದ್ದು ಅಂತ ಊರಲ್ಲಿ ಕೇಳಿದ್ರೆ ಎರ್ಲಿಂದಾ ಅಂತಾನೇ ಹೇಳಿ, ಮುಚ್ಚಿಡೋದೇನೂ ಬೇಡ." ಅವಳ ದನಿ ಏರಲಿಲ್ಲ. ಏರಿಸಲು ತ್ರಾಣವೂ ಇರಲಿಲ್ಲ. "ನಂಗೆ ಸಾಕಾಗಿದೆ. ಅಮ್ಮನ್ನ ನೋಡ್ಕೊಂಡೆ, ಅದಕ್ಕೆ ನಂಗೇನೂ ಬೇಜಾರಿಲ್ಲ. ಆದ್ರೆ ಇನ್ನೊಂದು ಸಲ ಆಗಲ್ಲ. ಅದೂ ಈ ಊರಲ್ಲಂತೂ ಬೇಡ. ಇದೊಂದೇ ಇರೋದು ನಂಗೆ, ಸುಮ್ನೆ ಬಂದು ಕೂತು ಉಂಡು ಹೋಗೋಕೆ."

ಮರೂಹಾ, ಕುಡಿದು ತಪ್ಪಿದವಳನ್ನು ಈ ಕಣಿವೆಯಲ್ಲಿ ಯಾರೂ ಊಟಕ್ಕೆ ಕೂರಿಸುವುದಿಲ್ಲ, ಸಾರಿನವಳು ಕೂಡ ಮುಖ ತಿರುಗಿಸುತ್ತಾಳೆ, ಊರಿಗೋಸ್ಕರ ಊರನ್ನೇ ಕಳೆದುಕೊಂಡೆಯಲ್ಲ ಎಂದು ಮೆಲ್ಲಗೆ ಕುಟುಕಿದಳು. ಎರ್ಲಿಂದಾಗೆ ಅದು ಬಂಡೆಯ ಮೇಲೆ ಕೂತಾಗಲೇ ಗೊತ್ತಾಗಿತ್ತು. ಫೊರ್ತುನಾತೊ ಸಲಿಕೆಯ ಮಣ್ಣು ಕೆರೆಯುತ್ತಾ ಅವಳ ಕಡೆ ನೋಡದೆ ಎದ್ದುಹೋದ. ಅವನು ಕೆಟ್ಟವನಲ್ಲ. ನೋಡಿದ್ದಕ್ಕೆ ಸಾಕ್ಷಿಯಾಗಿ ಟೋಪಿ ತೆಗೆದವನು, ಅವನಿಗೂ ಅವಮಾನವೇ.

ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ತಂಗುವ ಮಾತಿತ್ತು. ಈಗ ಅಬೀಲಿಯೊ ಈಗಲೇ ಹೊರಡೋಣ ಅಂದ. ಪಾತ್ರೆಗಳೆಲ್ಲ ವ್ಯಾನಿಗೆ ಹೋದವು. ಎರ್ಲಿಂದಾ ಕೈ ತೊಳೆಯಲು ಕಾಲುವೆಗೆ ಹೋದಾಗ ಚಿಕ್ಕಮ್ಮ ಕೋಲೂರಿಕೊಂಡು ಹಿಂದೆಯೇ ಬಂದಳು.

"ಅಬೀಲಿಯೊನ ಮೇಲೆ ಕೋಪ ಮಾಡ್ಕೋಬೇಡ ಮಗಳೇ," ಅಂದಳು. "ಲೋಟ ನಂದು. ನಾನೇ ಕೊಡಿಸಿದ್ದು."

ಎರ್ಲಿಂದಾ ತಿರುಗಿ ನೋಡಿದಳು. ಕೈಯಿಂದ ನೀರು ಸೋರುತ್ತಲೇ ಇತ್ತು.

"ನೀನೇ ಕೇಳ್ಬೋದಿತ್ತಲ್ಲ ಚಿಕ್ಕಮ್ಮ."

"ಕೇಳಿದ್ರೆ ಇಲ್ಲ ಅಂತಿದ್ದೆ. ಕಾಲುವೇಲಿ ಬಿದ್ದಾಗ ನಿನ್ನ ಹೆಸರು ಹಿಡಿದೇ ಕೂಗಿದ್ದು ನಾನು, ಫೊರ್ತುನಾತೊನ್ನಲ್ಲ. ಎಷ್ಟು ಕೂಗಿದೆ ಅಂತ ನಂಗೇ ಗೊತ್ತಿಲ್ಲ." ಚಿಕ್ಕಮ್ಮ ಸೆರಗಿನಂಥ ಶಾಲನ್ನು ಎಳೆದುಕೊಂಡಳು. "ಮುಖದ ಮೇಲೇ ಇಲ್ಲ ಅನ್ನಿಸ್ಕೊಳ್ಳೋಕೆ ಧೈರ್ಯ ಸಾಲ್ಲಿಲ್ಲ. ವಯಸ್ಸಾದ ಮೇಲೆ ಮನುಷ್ಯರಿಗೆ ನಾಚಿಕೆ ಕಮ್ಮಿ ಆಗುತ್ತೆ ಅಂತಾರೆ. ಸುಳ್ಳು, ಜಾಸ್ತಿ ಆಗುತ್ತೆ."

ಎರ್ಲಿಂದಾಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಅಣ್ಣನಿಗೆ ಇಲ್ಲ ಅಂದದ್ದು ಸುಲಭವಾಗಿತ್ತು, ಈಗ ತಾನು ಯಾರಿಗೆ ಇಲ್ಲ ಅಂದಿದ್ದೇನೆ ಎಂದು ತಿಳಿಯಿತು. ಚಿಕ್ಕಮ್ಮ ನೇರವಾಗಿ ಕೇಳಿದ್ದರೆ ಏನನ್ನುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಒದ್ದೆ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ಮುದುಕಿಯ ಮೈ ಹಕ್ಕಿಯಷ್ಟೇ ಇತ್ತು, ಅಮ್ಮನ ಮೈಯೂ ಕೊನೆಗೆ ಹೀಗೇ ಆಗಿತ್ತು. ಇರುತ್ತೇನೆ ಎಂಬ ಒಂದು ಮಾತು ಗಂಟಲಲ್ಲಿ ಬಂದು ಕೂತಿತು. ಅದನ್ನು ಆಡಿದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು, ಅವಳೊಬ್ಬಳನ್ನು ಬಿಟ್ಟು. ಅವಳು ಆಡಲಿಲ್ಲ. ಚಿಕ್ಕಮ್ಮನೂ ಕಾದು ನೋಡಿ, ತಾನೇ ಕೈ ಬಿಡಿಸಿಕೊಂಡು, ಘಾಟಿಯಲ್ಲಿ ಚಳಿ ಇರುತ್ತದೆ, ಕಿವಿ ಮುಚ್ಚಿಕೋ, ನಾನು ಫೊರ್ತುನಾತೊನ ಜೊತೆ ಮೆಲ್ಲಗೆ ಮನೆಗೆ ಹೋಗುತ್ತೇನೆ ಎಂದಳು.

ವ್ಯಾನು ಹೊಲದ ದಾರಿಯಿಂದ ಮೇಲೆ ಬಂದು ಚಿಕ್ಕಮ್ಮನ ಮನೆಯ ಮುಂದೆ ಹಾದುಹೋಗಬೇಕು. ಬೆಳಿಗ್ಗೆ ಮಾರುಕಟ್ಟೆಯಿಂದ ನೇರ ಹೊಲಕ್ಕೆ ಹೋಗಿದ್ದರಿಂದ ಯಾರೂ ಮನೆಯ ಮುಂಭಾಗ ನೋಡಿರಲಿಲ್ಲ. ಈಗ ನೋಡಿದರೆ, ಅಂಗಳದ ಮೋಟುಗೋಡೆಯ ಮೇಲೆ ಇಳಿಬಿಸಿಲಿನಲ್ಲಿ ಒಂದು ಹಾಸಿಗೆ ಒಣಗುತ್ತಿತ್ತು. ಹೊಸದು. ಕುರಿಯ ಉಣ್ಣೆ ಗಿಡಿದು ತುಂಬಿಸಿ, ನೀಲಿ ಗೆರೆಯ ಬಟ್ಟೆ ಹೊಲಿದದ್ದು, ಒಬ್ಬರು ಮಲಗುವಷ್ಟು ಅಗಲದ್ದು. ಮುದುಕಿ ಒಬ್ಬಳಿಂದ ಅದನ್ನು ಎತ್ತಲಾಗುವುದಿಲ್ಲ. ಯಾರನ್ನೋ ಕರೆದು ಬಿಸಿಲಿಗೆ ಹಾಕಿಸಿರಬೇಕು, ಸಂಜೆ ಒಳಗೆ ಹಾಕಲು ಮನೆಯಲ್ಲಿ ಒಬ್ಬಳಿರುತ್ತಾಳೆ ಎಂದುಕೊಂಡು.

ಅಬೀಲಿಯೊ ವ್ಯಾನನ್ನು ನಿಧಾನ ಮಾಡಿದ. ಹಾಸಿಗೆಯನ್ನು ನೋಡಿ, ಕನ್ನಡಿಯಲ್ಲಿ ತಂಗಿಯ ಮುಖ ನೋಡಿ, ಇಳಿಯುತ್ತೀಯಾ ಎಂದು ಕೇಳಿದ. ಈ ಸಲ ಅವನ ದನಿಯಲ್ಲಿ ಕಪಟವಿರಲಿಲ್ಲ.

ಎರ್ಲಿಂದಾ ಇಳಿದಳು. ಗೋಡೆಯವರೆಗೆ ನಡೆದು, ಹಾಸಿಗೆಯನ್ನು ತಬ್ಬಿ ಎತ್ತಿ, ಮೂಡಣ ಕೋಣೆಗೆ ಹೊತ್ತೊಯ್ದು, ಮಂಚದ ಮೇಲೆ ಹಾಕಿ, ಮೂಲೆ ಎಳೆದು ಸರಿಮಾಡಿದಳು. ಬಿಸಿಲು ಕುಡಿದ ಉಣ್ಣೆ ಬೆಚ್ಚಗಿತ್ತು. ಒಂದು ಸಲ ಅಂಗೈಯಿಂದ ಒತ್ತಿ ನೋಡಿದಳು. ಅಂಥ ಹಾಸಿಗೆಯಲ್ಲಿ ಮಲಗಬೇಕೆಂದು ಅವಳ ಮೈಯ ಒಂದೊಂದು ಮೂಳೆಯೂ ಕೇಳಿತು.

ಆಮೇಲೆ ಬಂದು ವ್ಯಾನು ಹತ್ತಿ, ಬಾಗಿಲು ಎಳೆದುಕೊಂಡು, "ನಡಿ ಅಣ್ಣ," ಅಂದಳು.